ಜೊತೆಗಾರರನ್ನು ನೋಡಿ ಒಲವನ್ನು ಅಳೆಯಬಹುದೇ?



ಒಬ್ಬರ ಲೈಂಗಿಕ ಒಲವು ಯಾವುದೆಂದು ತಿಳಿಯಬೇಕಾದಾಗ ನಾವೆಲ್ಲ ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಅವರ ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡುತ್ತೇವೆ. ಗಂಡಸಿನ ಪಕ್ಕದಲ್ಲಿ ಹೆಂಡತಿಯಿದ್ದರೆ ವಿಚಾರಣೆ ಅಲ್ಲಿಗೆ ಮುಗಿಯಿತು. ಇನ್ನೊಬ್ಬ ಗಂಡಸಿದ್ದರೆ ಆಗಲೂ ಮುಗಿಯಿತು. ಬಹುಪಾಲು ಜನರ ವಿಷಯದಲ್ಲಿ ಈ ರೂಢಿ ಸರಿಯಾದ ಉತ್ತರವನ್ನೇ ಕೊಡುವುದರಿಂದ ಅದರೊಳಗಿನ ದೋಷ ಕಣ್ಣಿಗೆ ಬೀಳುವುದಿಲ್ಲ. ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಆಕರ್ಷಣೆ ಇರುವವರ, ಅಂದರೆ ದ್ವಿಲೈಂಗಿಕರ ಮಾತು ಬಂದಾಗ ಮಾತ್ರ ಅದು ಪ್ರತಿ ಸಲವೂ ತಪ್ಪು ಹೇಳುತ್ತದೆ. ದ್ವಿಲೈಂಗಿಕ ಹೆಂಗಸೊಬ್ಬಳು ಗಂಡಸನ್ನು ಮದುವೆಯಾದರೆ ಆಕೆ ಭಿನ್ನಲಿಂಗಪ್ರೇಮಿ ಎಂದಾಗುತ್ತದೆ. ಮುಂದೆ ಹೆಂಗಸಿನ ಜೊತೆ ಬಾಳಿದರೆ, ಮೊದಲಿನಿಂದಲೂ ಸಲಿಂಗಪ್ರೇಮಿಯೇ ಆಗಿದ್ದಳು, ಇಷ್ಟು ದಿನ ಮುಚ್ಚಿಟ್ಟಿದ್ದಳು ಎಂದಾಗುತ್ತದೆ. ಆಕೆ ತನ್ನ ಬಗ್ಗೆ ಏನು ಹೇಳಿಕೊಂಡರೂ ಅದಕ್ಕೆ ಜಾಗವೇ ಇಲ್ಲ. ನಾನು ಇಂದು ವಾದಿಸಲಿರುವುದು ಇಷ್ಟು: ಲೈಂಗಿಕ ಒಲವು ಎಂದರೆ ಆಕರ್ಷಿತರಾಗುವ ಶಕ್ತಿ. ಯಾರ ಜೊತೆ ಏನು ನಡೆಯಿತು ಎಂಬ ಲೆಕ್ಕದಿಂದ ಅದನ್ನು ಪೂರ್ತಿ ಅರಿಯಲಾಗದು. ಅದಕ್ಕಿರುವ ಮೊದಲ ಸಾಕ್ಷಿ ಆ ವ್ಯಕ್ತಿಯ ಮಾತು. ದ್ವಿಲೈಂಗಿಕತೆಯನ್ನು ಒಂದು ಸಣ್ಣ ಅಪವಾದವೆಂದು ಬದಿಗಿಡದೆ, ನಮ್ಮ ವ್ಯಾಖ್ಯೆ ನಿಲ್ಲುತ್ತದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆಯಾಗಿ ಎದುರಿಗಿಟ್ಟುಕೊಳ್ಳಬೇಕು.

ಈ ಚರ್ಚೆಗೆ ಅಂಕಿಅಂಶಗಳ ತಳಹದಿ ಹಾಕಿದವರು ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದ ಆಲ್ಫ್ರೆಡ್ ಕಿನ್ಸಿ. ಅವರು ಪ್ರಾಣಿಶಾಸ್ತ್ರಜ್ಞರು. ಗಾಲ್ ಕಣಜ ಎಂಬ ಸಣ್ಣ ಹುಳುಗಳನ್ನು ಅಪಾರ ಸಂಖ್ಯೆಯಲ್ಲಿ ಕೂಡಿಹಾಕಿ, ಒಂದೇ ಪ್ರಭೇದದೊಳಗೆ ಒಂದು ಇನ್ನೊಂದರ ಹಾಗಿಲ್ಲ ಎಂಬುದನ್ನು ವರ್ಷಗಟ್ಟಲೆ ಅಳೆದವರು. ಅದೇ ಕಣ್ಣನ್ನು ಮನುಷ್ಯರತ್ತ ತಿರುಗಿಸಿ, ಸಾವಿರಾರು ಜನರನ್ನು ಮುಖಾಮುಖಿ ಸಂದರ್ಶಿಸಿ, 1948ರಲ್ಲಿ ಗಂಡಸರ ಬಗ್ಗೆ, 1953ರಲ್ಲಿ ಹೆಂಗಸರ ಬಗ್ಗೆ ಒಂದೊಂದು ದೊಡ್ಡ ಗ್ರಂಥ ಹೊರತಂದರು. ಜನರನ್ನು ಎರಡು ಗುಂಪಾಗಿ ಒಡೆಯುವ ಬದಲು 0ಯಿಂದ 6ರವರೆಗಿನ ಒಂದು ಮಾಪಕ ಮಾಡಿದರು. 0 ಎಂದರೆ ಭಿನ್ನಲಿಂಗದವರತ್ತ ಮಾತ್ರ, 6 ಎಂದರೆ ಸಲಿಂಗದವರತ್ತ ಮಾತ್ರ, ನಡುವೆ ಐದು ಮೆಟ್ಟಿಲು. ಅವರ ಲೆಕ್ಕದಲ್ಲಿ, ಪ್ರಾಯಕ್ಕೆ ಬಂದ ಮೇಲೆ ಒಮ್ಮೆಯಾದರೂ ಗಂಡಸಿನೊಂದಿಗೆ ಸುಖದ ತುದಿ ಮುಟ್ಟಿದ ಗಂಡಸರು ಶೇಕಡಾ 37. ಜೀವನವಿಡೀ ಗಂಡಸರೊಂದಿಗೆ ಮಾತ್ರ ಇದ್ದವರು ಶೇಕಡಾ 4. ಈ ಸಂಖ್ಯೆಗಳನ್ನು ಹಾಗೇ ಒಪ್ಪುವಂತಿಲ್ಲ. ಕಿನ್ಸಿ ಮಾತಾಡಿಸಿದವರಲ್ಲಿ ಕೈದಿಗಳು ಹೆಚ್ಚಿದ್ದರು, ತಾವಾಗಿ ಮುಂದೆ ಬಂದವರು ಹೆಚ್ಚಿದ್ದರು. ಕಾಕ್ರನ್, ಮೋಸ್ಟೆಲರ್, ಟೂಕಿ ಎಂಬ ಮೂವರು ಸಂಖ್ಯಾಶಾಸ್ತ್ರಜ್ಞರು 1954ರಲ್ಲೇ ಇದನ್ನು ಬಿಡಿಸಿ ತೋರಿಸಿದರು. ಶೇಕಡಾವಾರು ಬಿದ್ದುಹೋಯಿತು ಎಂದೇ ಇಟ್ಟುಕೊಳ್ಳೋಣ. ಎರಡು ತುದಿಗಳ ನಡುವಿನ ಜಾಗ ಖಾಲಿಯಿಲ್ಲ ಎಂಬ ಮಾತನ್ನು ಮಾತ್ರ ಆ ಮೇಲಿನ ಯಾವ ಸಮೀಕ್ಷೆಯೂ ಸುಳ್ಳು ಮಾಡಿಲ್ಲ.

ಕಿನ್ಸಿಯ ಮಾಪಕಕ್ಕೆ ಇನ್ನೂ ಆಳವಾದ ತೊಂದರೆ ಎರಡಿವೆ. ಒಂದೇ ಗೆರೆಯ ಮೇಲೆ ಎಲ್ಲರನ್ನೂ ನಿಲ್ಲಿಸಿದಾಗ, ಹೆಣ್ಣಿನತ್ತ ಆಕರ್ಷಣೆ ಹೆಚ್ಚಿದಷ್ಟೂ ಗಂಡಿನತ್ತ ಕಡಿಮೆಯಾಗಲೇಬೇಕು ಎಂಬ ಊಹೆ ಸದ್ದಿಲ್ಲದೆ ಒಳಗೆ ಬಂದುಬಿಡುತ್ತದೆ. ಹಾಗೇಕಾಗಬೇಕು? ಇಬ್ಬರತ್ತಲೂ ತೀವ್ರ ಆಕರ್ಷಣೆ ಇರುವವರೂ, ಇಬ್ಬರತ್ತಲೂ ಬಹಳ ಕಡಿಮೆ ಇರುವವರೂ ಆ ಗೆರೆಯ ಮೇಲೆ ಒಂದೇ ಬಿಂದುವಿನಲ್ಲಿ ನಿಲ್ಲಬೇಕಾಗುತ್ತದೆ; ಅವರಿಬ್ಬರ ಬದುಕಿನಲ್ಲಿ ಸಾಮ್ಯವೇ ಇಲ್ಲ. 1980ರಲ್ಲಿ ಮನೋವಿಜ್ಞಾನಿ ಮೈಕೇಲ್ ಸ್ಟಾರ್ಮ್ಸ್ ಇವೆರಡನ್ನೂ ಬೇರೆ ಬೇರೆ ಅಕ್ಷಗಳಾಗಿ ಅಳೆಯಬೇಕೆಂದು ಹೇಳಿದ್ದು ಇದಕ್ಕೇ. ಎರಡನೆಯ ತೊಂದರೆ, ಕಿನ್ಸಿ ನಡೆದ ಕ್ರಿಯೆಯನ್ನೂ ಮನಸ್ಸಿನ ಆಸೆಯನ್ನೂ ಒಂದೇ ಅಂಕಿಯೊಳಗೆ ಬೆರೆಸಿದರು. ಫ್ರಿಟ್ಸ್ ಕ್ಲೈನ್ ಎಂಬ ಮನೋವೈದ್ಯರು 1978ರಲ್ಲಿ ದ್ವಿಲೈಂಗಿಕತೆಯ ಮೇಲೆಯೇ ಒಂದು ಪುಸ್ತಕ ಬರೆದು, ಆಮೇಲೆ ಸಹೋದ್ಯೋಗಿಗಳೊಡನೆ ಈ ಮಿಶ್ರಣವನ್ನು ಬಿಡಿಸುವ ಒಂದು ಕೋಷ್ಟಕ ರೂಪಿಸಿದರು. ಆಕರ್ಷಣೆ, ವರ್ತನೆ, ಕಲ್ಪನೆ, ಭಾವನಾತ್ಮಕ ಒಲವು, ಸಾಮಾಜಿಕ ಒಡನಾಟ, ಬದುಕಿನ ರೀತಿ, ತನ್ನನ್ನು ತಾನು ಗುರುತಿಸಿಕೊಳ್ಳುವ ಬಗೆ ಎಂಬ ಏಳು ಸಂಗತಿಗಳು. ಒಂದೊಂದಕ್ಕೂ ಹಿಂದೆ ಹೇಗಿತ್ತು, ಈಗ ಹೇಗಿದೆ, ಹೇಗಿದ್ದರೆ ಚೆನ್ನ ಎಂಬ ಮೂರು ಉತ್ತರ. ಇಪ್ಪತ್ತೊಂದು ಚೌಕಗಳ ಈ ಕೋಷ್ಟಕ ಸಮೀಕ್ಷೆ ಮಾಡುವವರಿಗೆ ತಲೆನೋವೇ ಸರಿ. ಆದರೆ ಅದನ್ನು ತುಂಬಲು ಕೂತವರು ಏಳೂ ಸಾಲಿನಲ್ಲಿ ಒಂದೇ ಅಂಕಿ ಬರೆಯಬೇಕೆಂದಿಲ್ಲ ಎಂಬುದನ್ನು ಕೂಡಲೇ ಕಂಡುಕೊಳ್ಳುತ್ತಾರೆ, ಅದೇ ಅದರ ದೊಡ್ಡ ಉಪಕಾರ.

ಈ ಸಾಲುಗಳು ಎಷ್ಟು ದೂರ ಸರಿದು ನಿಲ್ಲಬಲ್ಲವು ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ಷಿಕಾಗೋದ ಸಮಾಜಶಾಸ್ತ್ರಜ್ಞ ಎಡ್ವರ್ಡ್ ಲೌಮನ್ ಮತ್ತು ಸಂಗಡಿಗರು 1992ರಲ್ಲಿ ನಡೆಸಿದ ಸಮೀಕ್ಷೆಯಿಂದ. ಕಿನ್ಸಿಯಂತೆ ಸಿಕ್ಕವರನ್ನು ಮಾತಾಡಿಸದೆ, ಅಮೆರಿಕದ ವಯಸ್ಕರಲ್ಲಿ 3,432 ಮಂದಿಯನ್ನು ಸಂಖ್ಯಾಶಾಸ್ತ್ರದ ಕ್ರಮದಂತೆ ಆಯ್ದು, ಆಸೆ, ವರ್ತನೆ, ಗುರುತು ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಿದರು. ಗಂಡಸರಲ್ಲಿ ಸುಮಾರು ಶೇಕಡಾ 10 ಮಂದಿಗೆ ಈ ಮೂರರಲ್ಲಿ ಯಾವುದಾದರೊಂದು ರೀತಿಯ ಸಲಿಂಗ ಒಲವಿತ್ತು. ತಮ್ಮನ್ನು ಗೇ ಅಥವಾ ಬೈಸೆಕ್ಷುವಲ್ ಎಂದು ಕರೆದುಕೊಂಡವರು ಮಾತ್ರ ಶೇಕಡಾ 2.8. ಹೆಂಗಸರಲ್ಲಿ ಅದು ಶೇಕಡಾ 8.6 ಮತ್ತು 1.4. ಹಾಗಾದರೆ ಅಲ್ಲಿ ಸಲಿಂಗ ಒಲವಿನವರು ಎಷ್ಟು ಜನ? ಒಂದು ಉತ್ತರವಿಲ್ಲ, ಕೇಳಿದ ಪ್ರಶ್ನೆಗೆ ತಕ್ಕ ಉತ್ತರವಿದೆ. ಸಾಂಕ್ರಾಮಿಕ ರೋಗ ತಡೆಯುವವರಿಗೆ ವರ್ತನೆ ಮುಖ್ಯ, ಅವರು ಅದನ್ನು ಎಣಿಸಲಿ. ಚುನಾವಣೆಯಲ್ಲಿ ಯಾರು ಒಂದಾಗಿ ಮತ ಹಾಕುತ್ತಾರೆ ಎಂದು ನೋಡುವವರಿಗೆ ಗುರುತು ಮುಖ್ಯ. ಆದರೆ ಒಲವು ಎಂದರೇನು ಎಂದು ಕೇಳುವವರು ಈ ಎರಡರ ಬುಡದಲ್ಲಿರುವ ಆಕರ್ಷಣೆಗೆ ಹೋಗಲೇಬೇಕು. ವರ್ತನೆಗೆ ಅವಕಾಶ ಸಿಗಬೇಕು, ಗುರುತು ಹೇಳಿಕೊಳ್ಳಲು ಧೈರ್ಯವೂ ಸುತ್ತಲಿನವರ ಸಹನೆಯೂ ಬೇಕು. ಅವಕಾಶವನ್ನೂ ಧೈರ್ಯವನ್ನೂ ಅಳೆದು ಒಲವನ್ನು ಅಳೆದೆವು ಎಂದುಕೊಳ್ಳಬಾರದು.

ಜೊತೆಗಾರರನ್ನು ನೋಡಿ ಎಣಿಸಿದರೆ ಎಷ್ಟು ಜನ ಕಾಣೆಯಾಗುತ್ತಾರೆ ಎಂಬುದಕ್ಕೆ ಪ್ಯೂ ಸಂಶೋಧನಾ ಕೇಂದ್ರದ 2013ರ ಸಮೀಕ್ಷೆ ಸಾಕು. ಸ್ಥಿರ ಸಂಬಂಧದಲ್ಲಿದ್ದ ದ್ವಿಲೈಂಗಿಕರಲ್ಲಿ ಶೇಕಡಾ 84 ಮಂದಿಯ ಸಂಗಾತಿ ಭಿನ್ನಲಿಂಗದವರು. ಇದರಲ್ಲಿ ಆಶ್ಚರ್ಯವಿಲ್ಲ, ಎದುರಾಗುವ ಜನರಲ್ಲಿ ಹೆಚ್ಚಿನವರು ಭಿನ್ನಲಿಂಗಪ್ರೇಮಿಗಳೇ ಆಗಿರುವಾಗ ಜೋಡಿ ಕೂಡುವ ಸಾಧ್ಯತೆಯೂ ಆ ಕಡೆಗೇ ಹೆಚ್ಚು. ಅದೇ ಸಮೀಕ್ಷೆಯಲ್ಲಿ, ತಮ್ಮ ಬದುಕಿನ ಮುಖ್ಯ ವ್ಯಕ್ತಿಗಳಲ್ಲಿ ಬಹುತೇಕರಿಗೆ ತಮ್ಮ ಒಲವು ಗೊತ್ತು ಎಂದವರು ಗೇ ಪುರುಷರಲ್ಲಿ ಶೇಕಡಾ 77, ಲೆಸ್ಬಿಯನ್ ಮಹಿಳೆಯರಲ್ಲಿ 71. ದ್ವಿಲೈಂಗಿಕರಲ್ಲಿ ಬರೀ 28. ಇನ್ನೊಂದು ಕಡೆ, 2023ರಲ್ಲಿ ಗ್ಯಾಲಪ್ ಸಂಸ್ಥೆ ಅಮೆರಿಕದ ವಯಸ್ಕರನ್ನು ಕೇಳಿದಾಗ ಶೇಕಡಾ 7.6 ಮಂದಿ ತಾವು ಭಿನ್ನಲಿಂಗಪ್ರೇಮಿಗಳಲ್ಲ ಅಥವಾ ಟ್ರಾನ್ಸ್‌ಜೆಂಡರ್ ಎಂದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದ್ವಿಲೈಂಗಿಕರು. ಅಲ್ಪಸಂಖ್ಯಾತರೊಳಗೆ ಅತಿ ದೊಡ್ಡ ಗುಂಪು ಇವರದು, ಅತಿ ಹೆಚ್ಚು ಮರೆಯಾಗಿರುವ ಗುಂಪೂ ಇವರದೇ.

ಈ ತಪ್ಪನ್ನು ಬಹುಸಂಖ್ಯಾತರು ಮಾತ್ರ ಮಾಡುತ್ತಾರೆ ಎಂದುಕೊಳ್ಳಬೇಡಿ. 2008ರಲ್ಲಿ ಅಮೆರಿಕದ ಸಿಯಾಟಲ್ ಬಳಿ ಸಲಿಂಗಪ್ರೇಮಿಗಳ ಸಾಫ್ಟ್‌ಬಾಲ್ ಪಂದ್ಯಾವಳಿ ನಡೆಯಿತು. ಒಂದು ತಂಡದಲ್ಲಿ ಭಿನ್ನಲಿಂಗಪ್ರೇಮಿ ಆಟಗಾರರು ಇಬ್ಬರಿಗಿಂತ ಹೆಚ್ಚಿರಬಾರದು ಎಂಬ ನಿಯಮವಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ತಂಡ ಫೈನಲ್ ತಲುಪಿದಾಗ ಆಕ್ಷೇಪಣೆ ಬಂತು. ಆಟಗಾರರನ್ನು ಒಬ್ಬೊಬ್ಬರಾಗಿ ಒಂದು ಸಭಾಕೊಠಡಿಗೆ ಕರೆದರು. ಒಳಗೆ ಇಪ್ಪತ್ತೈದಕ್ಕೂ ಹೆಚ್ಚು ಜನ ಕೂತಿದ್ದರೆಂದು ಆಮೇಲಿನ ದೂರು ಹೇಳುತ್ತದೆ. ಅಷ್ಟು ಜನರ ಮುಂದೆ, ನಿಮ್ಮ ಆಕರ್ಷಣೆ ಪ್ರಧಾನವಾಗಿ ಗಂಡಸರತ್ತಲೋ ಹೆಂಗಸರತ್ತಲೋ ಎಂದು ಕೇಳಿದರು. ಇಬ್ಬರತ್ತಲೂ ಎಂಬ ಉತ್ತರಕ್ಕೆ ಆ ಪ್ರಶ್ನೆಯಲ್ಲಿ ಜಾಗವಿರಲಿಲ್ಲ. ಕೊನೆಗೆ ಸಮಿತಿ ಮತ ಹಾಕಿ ಮೂವರನ್ನು ‘ಗೇ ಅಲ್ಲ’ ಎಂದು ತೀರ್ಮಾನಿಸಿತು, ತಂಡದ ಎರಡನೇ ಸ್ಥಾನವನ್ನು ಕಿತ್ತುಕೊಂಡಿತು. ಮೂವರೂ ಬಿಳಿಯರಲ್ಲದವರು ಎಂಬುದನ್ನೂ ಮರೆಯಬಾರದು. ಅವರು ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ರಾಜಿಯಾಯಿತು, ತಂಡಕ್ಕೆ ಅದರ ಸ್ಥಾನ ಮರಳಿತು, ದ್ವಿಲೈಂಗಿಕ ಆಟಗಾರರನ್ನು ಹೊರಗಿನವರೆಂದು ಎಣಿಸದಂತೆ ನಿಯಮ ಬದಲಾಯಿತು. ಸರ್ಕಾರದಿಂದಲೂ ಸಮಾಜದಿಂದಲೂ ಇಂಥ ವಿಚಾರಣೆಯನ್ನು ಅನುಭವಿಸಿದ ಸಮುದಾಯವೇ ತನ್ನವರನ್ನು ಕೂರಿಸಿ ಅದೇ ವಿಚಾರಣೆ ನಡೆಸಿದ್ದು ನನಗೆ ತುಂಬ ನೋವಿನ ಸಂಗತಿಯಾಗಿ ಕಾಣುತ್ತದೆ. ಅದರ ಬೇರು ಆ ಸಮಿತಿಯವರ ಕೆಟ್ಟತನದಲ್ಲಿರಲಿಲ್ಲ. ಒಲವು ಎಂದರೆ ಎರಡು ಪೆಟ್ಟಿಗೆಗಳಲ್ಲಿ ಒಂದು ಎಂಬ ವ್ಯಾಖ್ಯೆಯನ್ನು ಅವರು ಪ್ರಶ್ನಿಸದೆ ಒಪ್ಪಿದ್ದರು.

ಮಾತನ್ನು ನಂಬುವುದು ಹೇಗೆ, ಜನ ಸುಳ್ಳು ಹೇಳಬಹುದು, ತಮ್ಮನ್ನು ತಾವೇ ವಂಚಿಸಿಕೊಳ್ಳಬಹುದು, ಆದ್ದರಿಂದ ದೇಹವನ್ನೇ ಕೇಳೋಣ ಎಂಬುದು ಗಂಭೀರವಾದ ಆಕ್ಷೇಪ. ಹಾಗೆ ಕೇಳಿದವರೂ ಇದ್ದಾರೆ. 2005ರಲ್ಲಿ ರೀಗರ್, ಚೀವರ್ಸ್, ಬೇಲಿ ಎಂಬ ಮನೋವಿಜ್ಞಾನಿಗಳು 101 ಗಂಡಸರನ್ನು ಪ್ರಯೋಗಾಲಯಕ್ಕೆ ಕರೆದರು. ಅವರಲ್ಲಿ 33 ಮಂದಿ ದ್ವಿಲೈಂಗಿಕರು. ಗಂಡಸರ ಮತ್ತು ಹೆಂಗಸರ ಲೈಂಗಿಕ ದೃಶ್ಯಗಳನ್ನು ತೋರಿಸಿ, ಜನನಾಂಗಕ್ಕೆ ಸುತ್ತಿದ ಸಾಧನದಿಂದ ಉದ್ರೇಕವನ್ನು ಅಳೆದರು. ತಮಗೆ ಇಬ್ಬರಲ್ಲೂ ಆಸಕ್ತಿ ಎಂದವರಲ್ಲಿ ಹೆಚ್ಚಿನವರ ದೇಹ ಒಂದೇ ಕಡೆಗೆ, ಬಹುತೇಕ ಗಂಡಸರ ಕಡೆಗೆ, ವಾಲಿತು ಎಂಬುದು ಅವರ ತೀರ್ಮಾನ. ನ್ಯೂಯಾರ್ಕ್ ಟೈಮ್ಸ್ ಈ ಸುದ್ದಿಗೆ ಕೊಟ್ಟ ಶೀರ್ಷಿಕೆ ದ್ವಿಲೈಂಗಿಕ ಗಂಡಸರೆಲ್ಲ ಸುಳ್ಳುಗಾರರೇ ಎಂದು ಕೇಳುವಂತಿತ್ತು. ಭಾಗವಹಿಸಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರ ದೇಹ ಯಾವ ದೃಶ್ಯಕ್ಕೂ ಅಳೆಯುವಷ್ಟು ಸ್ಪಂದಿಸಲೇ ಇಲ್ಲ ಎಂಬುದು ಸುದ್ದಿ ಓದಿದವರ ಮನಸ್ಸಿನಲ್ಲಿ ಉಳಿಯಲಿಲ್ಲ. ಅವರಿಗೆ ಒಲವೇ ಇಲ್ಲ ಎನ್ನೋಣವೇ? ಅವರ ವಿಷಯದಲ್ಲಿ ಅವರ ಮಾತನ್ನೇ ನಂಬಬೇಕಾಯಿತು.

ಕತೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ವಿಜ್ಞಾನಕ್ಕೆ ಸಲ್ಲಬೇಕಾದ ಗೌರವ. ಬೇಲಿಯವರೇ ಇದ್ದ ಇನ್ನೊಂದು ತಂಡ 2011ರಲ್ಲಿ ಪ್ರಯೋಗವನ್ನು ಮತ್ತೆ ಮಾಡಿತು. ಈ ಸಲ ಗಂಡು ಹೆಣ್ಣು ಎರಡೂ ಕಡೆ ಕನಿಷ್ಠ ಇಬ್ಬಿಬ್ಬರು ಸಂಗಾತಿಗಳಿದ್ದು, ಎರಡೂ ಕಡೆ ಮೂರು ತಿಂಗಳಾದರೂ ಪ್ರೇಮಸಂಬಂಧ ನಡೆಸಿದವರನ್ನು ಆರಿಸಿಕೊಂಡರು. ಅವರ ದೇಹ ಎರಡು ಬಗೆಯ ದೃಶ್ಯಕ್ಕೂ ಸ್ಪಂದಿಸಿತು. 2020ರಲ್ಲಿ ಹಲವು ಅಧ್ಯಯನಗಳ ದತ್ತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ, ಗಂಡಸರಲ್ಲಿ ದ್ವಿಲೈಂಗಿಕ ಒಲವು ಇದೆ ಎಂಬುದಕ್ಕೆ ಬಲವಾದ ಪುರಾವೆಯಿದೆ ಎಂದು ಪ್ರಕಟಿಸಿದವರಲ್ಲೂ ಬೇಲಿ ಒಬ್ಬರು. ಇದರಿಂದ ನಾನು ಕಲಿಯುವ ಪಾಠ, ಪ್ರಯೋಗಾಲಯ ಕೊನೆಗೂ ನಮ್ಮನ್ನು ಒಪ್ಪಿತು ಎಂಬ ಸಮಾಧಾನವಲ್ಲ. ಯಾರನ್ನು ದ್ವಿಲೈಂಗಿಕರೆಂದು ಮೊದಲು ಆರಿಸಿಕೊಂಡರು ಎಂಬುದರ ಮೇಲೆ ಯಂತ್ರದ ಉತ್ತರ ನಿಂತಿತ್ತು. ಆರಿಸಿಕೊಳ್ಳಲು ಅವರ ಬಳಿಯಿದ್ದ ದಾರಿ ಆ ಗಂಡಸರು ತಮ್ಮ ಬದುಕಿನ ಬಗ್ಗೆ ಹೇಳಿದ ಮಾತು. ಮಾತನ್ನು ಪಕ್ಕಕ್ಕಿಟ್ಟು ದೇಹವನ್ನು ಕೇಳುತ್ತೇವೆ ಎಂದವರು ಮಾತಿನಿಂದಲೇ ಶುರುಮಾಡಬೇಕಾಯಿತು. ಮೇಲಾಗಿ ಉದ್ರೇಕ ಒಲವಿನ ಒಂದು ಎಳೆ ಅಷ್ಟೆ. ಯಾರಿಗಾಗಿ ರಾತ್ರಿಯಿಡೀ ನಿದ್ದೆ ಬರುವುದಿಲ್ಲ, ಯಾರ ಜೊತೆ ಮುಪ್ಪಿನವರೆಗೆ ಇರಬೇಕೆನಿಸುತ್ತದೆ ಎಂಬುದನ್ನು ಅಳೆಯುವ ಸಾಧನ ಆ ಕೋಣೆಯಲ್ಲಿರಲಿಲ್ಲ.

ಹಾಗಾದರೆ ಒಲವು ಬದಲಾದರೆ? ಇಂದು ಒಂದು ಹೇಳಿ ಹತ್ತು ವರ್ಷದ ಮೇಲೆ ಇನ್ನೊಂದು ಹೇಳಿದರೆ ಮೊದಲಿನ ಮಾತಿಗೆ ಏನು ಬೆಲೆ? ಲೀಸಾ ಡೈಮಂಡ್ ಎಂಬ ಮನೋವಿಜ್ಞಾನಿ ಲೆಸ್ಬಿಯನ್, ದ್ವಿಲೈಂಗಿಕ ಅಥವಾ ಯಾವ ಹೆಸರೂ ಬೇಡವೆಂದ 79 ಮಹಿಳೆಯರನ್ನು ಹತ್ತು ವರ್ಷ ಹಿಂಬಾಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರರಲ್ಲಿ ಎರಡು ಪಾಲು ಜನ ಆ ಅವಧಿಯಲ್ಲಿ ಒಮ್ಮೆಯಾದರೂ ತಮ್ಮನ್ನು ಕರೆದುಕೊಳ್ಳುವ ಹೆಸರನ್ನು ಬದಲಿಸಿದ್ದರು. ದ್ವಿಲೈಂಗಿಕತೆ ಎಂಬುದು ದಾರಿಯಲ್ಲಿ ಸಿಗುವ ತಂಗುದಾಣ, ಕೊನೆಗೆ ಎಲ್ಲರೂ ಒಂದು ಕಡೆ ಸೇರಿಕೊಳ್ಳುತ್ತಾರೆ ಎಂಬ ಮಾತು ನಿಜವಾಗಿದ್ದರೆ ಆ ಹೆಸರನ್ನು ಬಿಟ್ಟವರೇ ಹೆಚ್ಚಾಗಬೇಕಿತ್ತು. ಆದದ್ದು ತಿರುವುಮುರುವು: ‘ದ್ವಿಲೈಂಗಿಕ’ ಅಥವಾ ‘ಹೆಸರು ಬೇಡ’ ಎಂಬ ಕಡೆಗೆ ಬಂದವರು ಅದನ್ನು ಬಿಟ್ಟು ಹೋದವರಿಗಿಂತ ಹೆಚ್ಚಿದ್ದರು. ಮಂಗಳೂರಿನವರೊಬ್ಬರು ಇಪ್ಪತ್ತು ವರ್ಷ ಬೆಂಗಳೂರಿನಲ್ಲಿದ್ದು ದಿನವಿಡೀ ಕನ್ನಡದಲ್ಲೇ ವ್ಯವಹರಿಸಿದರೆ ಅವರಿಗೆ ತುಳು ಬರುವುದಿಲ್ಲ ಎಂದು ನಾವು ಹೇಳುವುದಿಲ್ಲ. ಬಳಕೆ ಬೇರೆ, ಬಲ್ಲವರಾಗಿರುವುದು ಬೇರೆ ಎಂಬ ವಿವೇಕ ನಮಗಿದೆ. ಆ ವಿವೇಕವನ್ನು ಪ್ರೀತಿಯ ವಿಷಯಕ್ಕೂ ತಂದರೆ, ಸಂಗಾತಿ ಬದಲಾದಾಗಲೆಲ್ಲ ಒಲವು ಬದಲಾಯಿತು ಎಂದು ಬರೆದುಕೊಳ್ಳುವ ಅಗತ್ಯ ಬೀಳುವುದಿಲ್ಲ.

ಇಲ್ಲಿಯವರೆಗಿನ ಸಾಕ್ಷ್ಯವೆಲ್ಲ ಹೊರಗಿನದು. ನಮ್ಮಲ್ಲಿಗೆ ಬಂದಾಗ ಒಂದು ನಿಜವಾದ ತೊಡಕು ಎದುರಾಗುತ್ತದೆ. ಕರ್ನಾಟಕದಲ್ಲಿ ಎಚ್‌ಐವಿ ತಡೆ ಕಾರ್ಯಕ್ರಮಗಳು ವಿಸ್ತರಿಸಿದ 2000ದ ನಂತರದ ವರ್ಷಗಳಲ್ಲಿ, ಗಂಡಸರೊಡನೆ ಸಂಪರ್ಕವಿರುವ ಗಂಡಸರನ್ನು ಗುರುತಿಗಿಂತ ವರ್ತನೆಯ ಮೇಲೆ ಎಣಿಸುವ ‘ಎಂಎಸ್‌ಎಂ’ ಎಂಬ ವರ್ಗ ಬಳಕೆಗೆ ಬಂತು. ಕೆಲಸಕ್ಕಿಳಿದಾಗ ಸಿಕ್ಕಿದ ಜನರ ಬಾಯಲ್ಲಿ ಕೋತಿ, ಪಂತಿ, ಡಬಲ್ ಡೆಕ್ಕರ್ ಎಂಬ ಅವರದೇ ಹೆಸರುಗಳಿದ್ದವು, ಬೈಸೆಕ್ಷುವಲ್ ಎಂದು ಹೇಳಿಕೊಂಡವರೂ ಇದ್ದರು. ಅನೇಕರಿಗೆ ಹೆಂಡತಿ ಮಕ್ಕಳಿದ್ದರು. ಇವರೆಲ್ಲ ದ್ವಿಲೈಂಗಿಕರೇ? ಜೊತೆಗಾರರನ್ನು ಎಣಿಸುವ ವ್ಯಾಖ್ಯೆ ಹೌದು ಎನ್ನುತ್ತದೆ. ನಾನು ಹಾಗೆನ್ನಲಾರೆ. ಮನೆಯವರು ಹುಡುಗಿ ನೋಡಿ, ಮುಹೂರ್ತ ಗೊತ್ತುಮಾಡಿ, ಇಲ್ಲವೆನ್ನಲಾಗದ ಇಕ್ಕಟ್ಟಿನಲ್ಲಿ ತಾಳಿ ಕಟ್ಟಿದವನ ಮದುವೆ ಅವನ ಒಲವಿಗೆ ಸಾಕ್ಷಿಯಾಗದು. 2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಬಂದ ಮೇಲೆ ಸಲಿಂಗಪ್ರೇಮದ ಬಗ್ಗೆ ತಲೆತಗ್ಗಿಸದೆ ಮಾತಾಡುವುದು ಕನ್ನಡದ ಓದುಗರಿಗೆ ಸಾಧ್ಯವಾಗಿದೆ, ಒತ್ತಾಯದ ಮದುವೆಯ ಸಂಕಟವೂ ಅರ್ಥವಾಗುತ್ತದೆ. ಆದರೆ ಈ ಅರಿವಿನಿಂದ ಇನ್ನೊಂದು ಆತುರದ ತೀರ್ಮಾನ ಹುಟ್ಟಿದೆ. ಗಂಡಸನ್ನೂ ಪ್ರೀತಿಸುತ್ತೇನೆ ಎನ್ನುವ ವಿವಾಹಿತನ ಮದುವೆಯೆಲ್ಲ ನಾಟಕ, ಹೆಂಡತಿಯ ಮೇಲಿನ ಪ್ರೀತಿಯೆಲ್ಲ ಮುಸುಕು ಎಂದು. ಅದೂ ತಪ್ಪು. ಒಬ್ಬನ ಮದುವೆ ಕಟ್ಟುಪಾಡು, ಇನ್ನೊಬ್ಬನದು ಮನಸಾರೆ ಕೂಡಿದ ಬಾಳು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಹೇಳಬಲ್ಲವನು ಅವನೊಬ್ಬನೇ. ದ್ವಿಲೈಂಗಿಕನೆಂದರೆ ಸಂಗಾತಿಗೆ ದ್ರೋಹ ಮಾಡುವವನು ಎಂಬ ಆರೋಪಕ್ಕೂ ಉತ್ತರ ಇಲ್ಲೇ ಇದೆ. ಯಾರತ್ತ ಆಕರ್ಷಣೆ ಸಾಧ್ಯ ಎಂಬುದು ಒಲವಿನ ಮಾತು, ಕೊಟ್ಟ ಮಾತಿಗೆ ತಪ್ಪುವುದು ನಡತೆಯ ಮಾತು. ಭಿನ್ನಲಿಂಗಪ್ರೇಮಿ ಗಂಡಸಿಗೆ ಲೋಕದ ಹೆಂಗಸರಲ್ಲಿ ಅನೇಕರತ್ತ ಆಕರ್ಷಣೆ ಸಾಧ್ಯವೆಂಬ ಕಾರಣಕ್ಕೆ ಅವನನ್ನು ಯಾರೂ ಮೊದಲೇ ದ್ರೋಹಿ ಎನ್ನುವುದಿಲ್ಲ.

ಒಲವೆಂದರೆ ಆಕರ್ಷಿತರಾಗುವ ಸಾಮರ್ಥ್ಯ ಎಂದುಬಿಟ್ಟರೆ ಎಲ್ಲರೂ ದ್ವಿಲೈಂಗಿಕರೇ ಆಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಫ್ರಾಯ್ಡ್ 1905ರಲ್ಲೇ ಮನುಷ್ಯರೆಲ್ಲರಲ್ಲೂ ಹುಟ್ಟಿನಿಂದ ದ್ವಿಲೈಂಗಿಕತೆ ಇದೆ ಎಂಬರ್ಥದ ಮಾತು ಹೇಳಿದ್ದರು. ಇದು ಉದಾರವಾಗಿ ಕೇಳಿಸಿದರೂ ಪರಿಣಾಮದಲ್ಲಿ ಅಳಿಸಿಹಾಕುವ ಮಾತೇ. ಎಲ್ಲರೂ ಹಾಗಿದ್ದ ಮೇಲೆ ಹಾಗೆಂದು ಹೇಳಿಕೊಳ್ಳುವವರ ಕಷ್ಟಕ್ಕೆ ಪ್ರತ್ಯೇಕ ಗಮನವೇಕೆ? ನಾನು ಹೇಳುವ ಸಾಮರ್ಥ್ಯ ಊಹೆಯದಲ್ಲ. ಆ ವ್ಯಕ್ತಿ ತನ್ನೊಳಗೆ ಅನುಭವಿಸಿ ಗುರುತಿಸಿದ್ದು. ಹದಿಹರೆಯದಲ್ಲಿ ಒಮ್ಮೆ ಹಾದುಹೋದ ಕುತೂಹಲವನ್ನು ಒಲವೆಂದು ಎಣಿಸಬೇಕೋ ಬೇಡವೋ ಎಂಬುದನ್ನೂ ಅವರೇ ತೂಗಿ ಹೇಳಬೇಕು. ಅಮೆರಿಕದ ಕಾರ್ಯಕರ್ತೆ ರಾಬಿನ್ ಓಕ್ಸ್ ಬಹಳ ಕಾಲದಿಂದ ಬಳಸುತ್ತಿರುವ ವ್ಯಾಖ್ಯೆಯ ಸಾರ ಇದಕ್ಕೆ ಹೊಂದುತ್ತದೆ: ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಪ್ರೇಮ ಅಥವಾ ಕಾಮದ ಆಕರ್ಷಣೆ ತನ್ನಲ್ಲಿ ಸಾಧ್ಯವೆಂದು ವ್ಯಕ್ತಿ ತಾನೇ ಒಪ್ಪಿಕೊಂಡಿರುವುದು, ಅದು ಒಂದೇ ಕಾಲಕ್ಕೆ, ಒಂದೇ ರೀತಿಯಲ್ಲಿ, ಒಂದೇ ಪ್ರಮಾಣದಲ್ಲಿ ಇರಬೇಕಿಲ್ಲ. ಅರ್ಧ ಅರ್ಧ ಇದ್ದರೆ ಮಾತ್ರ ಎಂಬ ಹಟವನ್ನು ಇದು ಕೈಬಿಡುತ್ತದೆ, ಲಿಂಗಗಳು ಎರಡೇ ಎಂಬ ಊಹೆಯನ್ನೂ ಕೈಬಿಡುತ್ತದೆ. ಟ್ರಾನ್ಸ್ ವ್ಯಕ್ತಿಯನ್ನು ಪ್ರೀತಿಸುವವರನ್ನು ದ್ವಿಲೈಂಗಿಕತೆ ಎಂಬ ಪರಿಕಲ್ಪನೆ ಹೊರಗಿಡುತ್ತದೆ ಎಂಬ ದೂರು ಆಗಾಗ ಕೇಳುತ್ತದೆ. ಲಿಂಗಗಳು ಎರಡೇ ಎಂದು ಊಹಿಸಬೇಡಿ ಎಂಬ ಉತ್ತರವನ್ನು ಅದಕ್ಕೆ 1990ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ದ್ವಿಲೈಂಗಿಕರು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಣಾಳಿಕೆಯಲ್ಲಿ ಕೊಟ್ಟಿದ್ದರು.

ಇದೆಲ್ಲ ಪಂಡಿತರ ಚರ್ಚೆ, ಬದುಕಿಗೆ ಏನು ವ್ಯತ್ಯಾಸ ಎನ್ನುವವರಿಗೆ ನ್ಯಾಯಾಲಯಗಳನ್ನು ತೋರಿಸಬೇಕು. 2016ರಲ್ಲಿ ಅಮೆರಿಕದ ಏಳನೇ ವಲಯದ ಮೇಲ್ಮನವಿ ನ್ಯಾಯಾಲಯದ ಮುಂದೆ ಜಮೈಕಾದ ಒಬ್ಬ ದ್ವಿಲೈಂಗಿಕ ವ್ಯಕ್ತಿಯ ಪ್ರಕರಣ ಬಂತು. ತನ್ನ ದೇಶಕ್ಕೆ ಮರಳಿದರೆ ಹಿಂಸೆ ಕಾದಿದೆ ಎಂಬುದು ಅವನ ಅಹವಾಲು. ಕೆಳಗಿನ ವಲಸೆ ನ್ಯಾಯಾಧೀಶರು ಅವನು ದ್ವಿಲೈಂಗಿಕನೆಂಬುದನ್ನೇ ನಂಬಿರಲಿಲ್ಲ; ಹೆಂಗಸರೊಡನೆ ಅವನಿಗಿದ್ದ ಸಂಬಂಧಗಳು ಆ ಅಪನಂಬಿಕೆಗೆ ಒಂದು ಕಾರಣವಾಗಿದ್ದವು. ಬಹುಮತದ ತೀರ್ಪು ಅವನ ವಿರುದ್ಧ ಹೋಯಿತು. ಭಿನ್ನಮತ ಬರೆದ ರಿಚರ್ಡ್ ಪೋಸ್ನರ್, ದ್ವಿಲೈಂಗಿಕತೆ ಎಂದರೇನೆಂಬುದೇ ಆ ವಲಸೆ ನ್ಯಾಯಾಧೀಶರಿಗೆ ತಿಳಿದಂತಿಲ್ಲ ಎಂದು ನೇರವಾಗಿ ಎತ್ತಿ ತೋರಿಸಿದರು. ವ್ಯಾಖ್ಯೆಯೊಂದು ಮನುಷ್ಯನನ್ನು ವಿಮಾನ ಹತ್ತಿಸಿ ಹಿಂದಕ್ಕೆ ಕಳಿಸಬಲ್ಲದು.

ನಮ್ಮ ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಕುರಿತ 2014ರ ನಾಲ್ಸಾ ತೀರ್ಪಿನಲ್ಲಿ ಲೈಂಗಿಕ ಒಲವನ್ನು ಇನ್ನೊಬ್ಬ ವ್ಯಕ್ತಿಯತ್ತ ಇರುವ ಬಾಳಿಕೆಯ ದೈಹಿಕ, ಪ್ರೇಮಪರ ಅಥವಾ ಭಾವನಾತ್ಮಕ ಆಕರ್ಷಣೆ ಎಂದು ವಿವರಿಸಿ ದ್ವಿಲೈಂಗಿಕರನ್ನೂ ಹೆಸರಿಸಿತು. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಹೊರತಂದರು. ಒಲವು ಹುಟ್ಟಿನಿಂದ ಬಂದು ಬದಲಾಗದೆ ಇದ್ದರೆ ಮಾತ್ರ ಹಕ್ಕಿಗೆ ಆಧಾರ, ದ್ವಿಲೈಂಗಿಕರ ಮಾತೆತ್ತಿದರೆ ಆ ಆಧಾರ ಸಡಿಲವಾಗುತ್ತದೆ ಎಂದು ಅಂಜುವ ಹಿತೈಷಿಗಳು ಈ ತೀರ್ಪನ್ನು ಮತ್ತೊಮ್ಮೆ ಓದಬೇಕು. ಘನತೆ, ಖಾಸಗಿತನ, ಸಮಾನತೆಗಳ ಮೇಲೂ ಅದು ನಿಂತಿದೆ. ಧರ್ಮವನ್ನು ಬದಲಿಸಬಹುದು, ಆದರೂ ಧರ್ಮದ ಆಧಾರದ ತಾರತಮ್ಯವನ್ನು ಸಂವಿಧಾನ ನಿಷೇಧಿಸುತ್ತದೆ. 2023ರ ಅಕ್ಟೋಬರ್ 17ರ ಸುಪ್ರಿಯೋ ತೀರ್ಪು ಮಾತ್ರ ಸಲಿಂಗ ಜೋಡಿಗಳಿಗೆ ಮದುವೆಯ ಹಕ್ಕನ್ನು ಒಪ್ಪಲಿಲ್ಲ. ದ್ವಿಲೈಂಗಿಕ ಹೆಂಗಸೊಬ್ಬಳ ಪಾಲಿಗೆ ಇದರ ಅರ್ಥವೇನೆಂದು ನೋಡಿ: ಆಕೆ ಗಂಡಸನ್ನು ಪ್ರೀತಿಸಿದರೆ ನೋಂದಣಿ ಕಚೇರಿಯ ಬಾಗಿಲು ತೆರೆದಿದೆ, ಹೆಂಗಸನ್ನು ಪ್ರೀತಿಸಿದರೆ ಮುಚ್ಚಿದೆ. ‘ಹೇಗೂ ನಿನಗೆ ಇನ್ನೊಂದು ದಾರಿಯಿದೆಯಲ್ಲ’ ಎಂದು ಮನೆಯವರು ಒತ್ತಾಯ ಹೇರುವುದಕ್ಕೆ ಕಾನೂನಿನ ಈ ಬಾಗಿಲೇ ಬಲ ಕೊಡುತ್ತದೆ.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಲೈಂಗಿಕ ಒಲವಿನ ಆಧಾರದಲ್ಲಿ ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದೆನ್ನುತ್ತದೆ. ಖಾಸಗಿ ಉದ್ಯೋಗ, ಬಾಡಿಗೆ ಮನೆ, ಶಾಲೆಗಳಿಗೆಲ್ಲ ಅನ್ವಯಿಸುವ ಸಮಗ್ರ ತಾರತಮ್ಯ ನಿಷೇಧ ಕಾಯ್ದೆ ದೇಶದಲ್ಲಿ ಇನ್ನೂ ಬಂದಿಲ್ಲ. ಅಂಥದೊಂದು ಕರಡು ಸಿದ್ಧವಾಗುವ ದಿನ ಲೈಂಗಿಕ ಒಲವಿಗೆ ವ್ಯಾಖ್ಯೆ ಬೇಕೇ ಬೇಕು. 2006ರಲ್ಲಿ ರೂಪುಗೊಂಡ ಯೋಗ್ಯಕಾರ್ತ ತತ್ವಗಳು ಅದಕ್ಕೆ ಹತ್ತಿರದ ಮಾದರಿ. ಅವು ಆಕರ್ಷಣೆಯ ಸಾಮರ್ಥ್ಯದ ಮೇಲೆ ನಿಂತಿವೆ. ಭಿನ್ನ ಲಿಂಗದವರು, ಅದೇ ಲಿಂಗದವರು ಎಂದಷ್ಟಕ್ಕೇ ನಿಲ್ಲಿಸದೆ ಒಂದಕ್ಕಿಂತ ಹೆಚ್ಚು ಲಿಂಗದವರು ಎಂದೂ ಸೇರಿಸುತ್ತವೆ. ನಮ್ಮ ಕರಡಿನಲ್ಲಿ ಆ ಮೂರನೆಯ ಮಾತು ಬಿಟ್ಟುಹೋಗಬಾರದು. ಅದರ ಜೊತೆಗೆ, ದೂರು ಕೊಡಲು ಬಂದವರ ಹಿಂದಿನ ಮತ್ತು ಇಂದಿನ ಸಂಗಾತಿಗಳು ಯಾರೆಂಬ ಪುರಾವೆಯನ್ನು ಯಾವ ಅಧಿಕಾರಿಯೂ ಕೇಳುವಂತಿಲ್ಲ ಎಂಬ ಒಂದು ಸಾಲು ಇರಬೇಕು.